ಟ್ರ್ಯಾಕ್ ಬಿಟ್ಟು ಮನೆಗೆ ಬಂದ ಗ್ರೇಹೌಂಡ್: ಓದುಗರ ಪ್ರಶ್ನೆ, ನಮ್ಮ ಉತ್ತರ

ರೇಸಿನಿಂದ ನಿವೃತ್ತವಾದ ಗ್ರೇಹೌಂಡ್ ಸಾಕಿಕೊಂಡಿರುವ ಓದುಗರು ಇಂಗ್ಲೆಂಡ್ ಮತ್ತು ಆಸ್ಟ್ರೇಲಿಯಾದಿಂದ ಬರೆದ ಪತ್ರಗಳನ್ನು ಈ ಸಲ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಧಾರವಾಡದಿಂದ ಬಂದ ಒಂದು ಪತ್ರವೂ ಇದೆ. ಈ ನಾಯಿಗಳು ಸಾಮಾನ್ಯವಾಗಿ 2ರಿಂದ 5 ವರ್ಷದೊಳಗೆ ಓಟ ನಿಲ್ಲಿಸುತ್ತವೆ. ಆಯಸ್ಸು 10ರಿಂದ 13 ವರ್ಷ. ಅಂದರೆ ಬಾಳಿನ ಹೆಚ್ಚಿನ ಪಾಲನ್ನು ಅವು ಕಳೆಯಬೇಕಾದದ್ದು ಮನೆಯಲ್ಲಿ. ಆದರೆ ಮನೆ ಹೇಗಿರುತ್ತದೆ ಎಂದು ಅವಕ್ಕೆ ಯಾರೂ ಕಲಿಸಿರುವುದಿಲ್ಲ. ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಇದೊಂದೇ ಕಾರಣದಿಂದ ಹುಟ್ಟಿದವು.

ಪ್ರಶ್ನೆ: ನಾಲ್ಕು ವರ್ಷದ ಗಂಡು ಗ್ರೇಹೌಂಡ್ ಮನೆಗೆ ಬಂದು ವಾರವಾಯಿತು. ಹಾಲ್‌ನ ಕಾರ್ಪೆಟ್ ಮೇಲೆ ಉಚ್ಚೆ ಹೊಯ್ಯುತ್ತದೆ. ಮೆಟ್ಟಿಲ ಹತ್ತಿರ ನಡುಗುತ್ತಾ ನಿಂತುಬಿಡುತ್ತದೆ. ಹಿತ್ತಲಿನ ಗಾಜಿನ ಬಾಗಿಲಿಗೆ ಹೋಗಿ ಗುದ್ದಿಕೊಂಡಿದ್ದೂ ಆಯಿತು. ಇದಕ್ಕೆ ಬುದ್ಧಿ ಕಮ್ಮಿಯೇ?
— ರೆಡಿಂಗ್, ಇಂಗ್ಲೆಂಡ್

ಉತ್ತರ: ಬುದ್ಧಿ ಚೆನ್ನಾಗಿಯೇ ಇದೆ. ಗಾಜು, ಮೆಟ್ಟಿಲು, ನುಣುಪಾದ ನೆಲ, ಟಿವಿ, ವಾಷಿಂಗ್ ಮಷೀನ್ ಇವನ್ನೆಲ್ಲ ಅದು ಕಂಡೇ ಇಲ್ಲ, ಅಷ್ಟೇ. ರೇಸ್ ನಾಯಿ ಹುಟ್ಟಿ ಬೆಳೆಯುವುದು ಕೆನಲ್‌ನಲ್ಲಿ, ಅಂದರೆ ಹಲವು ನಾಯಿಗಳನ್ನು ಒಟ್ಟಿಗೆ ಇಡುವ ಗೂಡುಗಳಲ್ಲಿ. ದಿನಕ್ಕೆ ಮೂರು ನಾಲ್ಕು ಬಾರಿ, ಹೊತ್ತಿಗೆ ಸರಿಯಾಗಿ, ಅದನ್ನು ಬಯಲಿಗೆ ಬಿಡುತ್ತಾರೆ. ಅಲ್ಲಿ ಎಲ್ಲ ಮುಗಿಸಿ ಒಳಗೆ ಬರುತ್ತದೆ. ಮಲಗುವ ಜಾಗವನ್ನು ಕೊಳೆ ಮಾಡಬಾರದೆಂಬ ಅರಿವು ಅದಕ್ಕೆ ಈಗಾಗಲೇ ಇದೆ. ನಿಮ್ಮ ಇಡೀ ಮನೆಯೂ ಅಂಥದೇ ಜಾಗ ಎಂದು ತಿಳಿಸಿಕೊಡುವುದಷ್ಟೇ ಉಳಿದಿರುವ ಕೆಲಸ.

ಮೊದಲ ಹತ್ತು ದಿನ ಗಡಿಯಾರ ನೋಡಿ ನಡೆದುಕೊಳ್ಳಿ. ಎದ್ದ ತಕ್ಷಣ, ಊಟವಾದ ತಕ್ಷಣ, ಆಟವಾದ ಮೇಲೆ, ಮಲಗುವ ಮುಂಚೆ, ಇವುಗಳ ನಡುವೆ ಹಗಲಲ್ಲಿ ಎರಡು ಗಂಟೆಗೊಮ್ಮೆ ಹೊರಗೆ ಕರೆದೊಯ್ಯಿರಿ. ಬಾಗಿಲು ತೆರೆದು ಅದನ್ನು ಹೊರಗಟ್ಟಿ ನೀವು ಒಳಗೆ ನಿಂತರೆ ಪ್ರಯೋಜನವಿಲ್ಲ. ಅದು ನಿಮ್ಮ ಮುಖ ನೋಡುತ್ತಾ ಬಾಗಿಲಲ್ಲೇ ನಿಲ್ಲುತ್ತದೆ, ಒಳಗೆ ಬಂದು ಕಾರ್ಪೆಟ್ ಮೇಲೆ ಮಾಡುತ್ತದೆ. ಜೊತೆಗೆ ಹೋಗಿ, ಒಂದೇ ಮೂಲೆಗೆ ಕರೆದೊಯ್ದು ಸುಮ್ಮನೆ ನಿಲ್ಲಿ. ಕೆಲಸ ಮುಗಿಸಿದ ಕ್ಷಣವೇ, ಅಲ್ಲೇ, ಒಂದು ತುಣುಕು ತಿನಿಸು ಕೊಡಿ. ಒಳಗೆ ಬಂದ ಮೇಲೆ ಕೊಟ್ಟರೆ ಒಳಗೆ ಬಂದದ್ದಕ್ಕೆ ಸಿಕ್ಕಿತೆಂದು ತಿಳಿಯುತ್ತದೆ.

ಒಳಗೆ ಮಾಡಿದರೆ ಬೈಯಬೇಡಿ. ಬೈದರೆ ನಿಮ್ಮೆದುರು ಮಾಡಬಾರದು ಎಂದಷ್ಟೇ ಕಲಿತು, ಆಮೇಲೆ ಸೋಫಾದ ಹಿಂದೆ ಹೋಗಿ ಮಾಡುತ್ತದೆ, ಹೊರಗೆ ನಿಮ್ಮೆದುರೂ ಮಾಡುವುದಿಲ್ಲ. ಕಾರ್ಪೆಟ್ ತೊಳೆಯಲು ಎನ್‌ಜೈಮ್ ಇರುವ ಕ್ಲೀನರ್ ಬಳಸಿ. ಅಮೋನಿಯ ಇರುವುದು ಬೇಡ, ಅದರ ವಾಸನೆ ಉಚ್ಚೆಯ ವಾಸನೆಗೆ ಹತ್ತಿರ, ನಾಯಿ ಮತ್ತೆ ಅದೇ ಜಾಗಕ್ಕೆ ಬರುತ್ತದೆ. ಮೂರು ವಾರ ಹೀಗೆ ನಡೆದುಕೊಂಡರೂ ಸರಿಹೋಗದಿದ್ದರೆ, ಅಥವಾ ನೀರು ಹೆಚ್ಚು ಕುಡಿಯುತ್ತಾ ಮೇಲಿಂದ ಮೇಲೆ ಸ್ವಲ್ಪ ಸ್ವಲ್ಪ ಹೊಯ್ದರೆ, ಮೂತ್ರ ಪರೀಕ್ಷೆ ಮಾಡಿಸಿ.

ಗಾಜಿನ ಬಾಗಿಲಿಗೆ ನೆಲದಿಂದ 60–90 ಸೆಂ.ಮೀ. ಎತ್ತರದಲ್ಲಿ ಅಡ್ಡಡ್ಡ ಬಣ್ಣದ ಟೇಪ್ ಅಂಟಿಸಿ. ಅದರ ಕಣ್ಣು ಬರುವುದು ಆ ಎತ್ತರಕ್ಕೆ. ಮೊದಲ ದಿನವೇ ಕುತ್ತಿಗೆಪಟ್ಟಿ ಹಿಡಿದು ಗಾಜಿನ ಹತ್ತಿರ ಕರೆದೊಯ್ದು ಬೆರಳಿನಿಂದ ಟಕಟಕ ಬಡಿದು ತೋರಿಸಿ.

ಮೆಟ್ಟಿಲಿಗೆ ಇಬ್ಬರು ಬೇಕು. ಒಬ್ಬರು ಮೇಲಿನ ಮೆಟ್ಟಿಲಲ್ಲಿ ತಿನಿಸು ಹಿಡಿದಿರಲಿ, ಇನ್ನೊಬ್ಬರು ಹಿಂದೆ ನಿಂತು ಅದರ ತೊಡೆಗೆ ಆಸರೆ ಕೊಡಲಿ. ಮುಂಗಾಲುಗಳನ್ನು ಒಂದೊಂದಾಗಿ ಎತ್ತಿ ಮೆಟ್ಟಿಲ ಮೇಲಿಡಿ, ಆಮೇಲೆ ಹಿಂಗಾಲು. ಹತ್ತುವುದನ್ನು ಬೇಗ ಕಲಿಯುತ್ತದೆ. ಇಳಿಯುವುದೇ ಅಪಾಯ. ಹೆದರಿದ ಗ್ರೇಹೌಂಡ್ ಮೇಲಿಂದ ಒಂದೇ ನೆಗೆತಕ್ಕೆ ಕೆಳಗೆ ಹಾರಿ ಕಾಲು ಮುರಿದುಕೊಳ್ಳಬಹುದು. ಆದ್ದರಿಂದ ಇಳಿಸುವಾಗ ಒಬ್ಬರು ಅದರ ಮುಂದೆ, ಎದೆಗೆ ಅಡ್ಡವಾಗಿ ನಿಲ್ಲಲೇಬೇಕು. ಚೆನ್ನಾಗಿ ಕಲಿಯುವ ತನಕ ಮೆಟ್ಟಿಲ ಬುಡದಲ್ಲಿ ಮಕ್ಕಳ ಗೇಟ್ ಹಾಕಿಡಿ. ಮರದ ಅಥವಾ ಟೈಲ್ಸ್ ನೆಲದ ಮೇಲೆ ಬಾಗಿಲಿಂದ ಹಾಸಿಗೆಯವರೆಗೆ, ಹಾಸಿಗೆಯಿಂದ ನೀರಿನ ಬಟ್ಟಲವರೆಗೆ ಜಾರದ ರಬ್ಬರ್ ಹಿಂಬದಿಯ ಚಾಪೆ ಹಾಸಿ.

ಪ್ರಶ್ನೆ: ಎಂಟು ವರ್ಷದ ನನ್ನ ಮಗ ಮಲಗಿದ್ದ ನಾಯಿಯನ್ನು ತಬ್ಬಿಕೊಳ್ಳಲು ಹೋದ. ಅದು ಗುರ್ ಎಂದು ಬಾಯಿ ಹಾಕಿತು. ಕಚ್ಚಲಿಲ್ಲ. ಬೇರೆ ಹೊತ್ತಿನಲ್ಲಿ ಅವನ ಮೈಗೊರಗಿ ನಿಲ್ಲುವಷ್ಟು ಸಾಧು. ವಾಪಸ್ ಕೊಟ್ಟುಬಿಡಿ ಎನ್ನುತ್ತಿದ್ದಾರೆ ಮನೆಯವರು.
— ಮೆಲ್ಬರ್ನ್

ಉತ್ತರ: ಇದು ನಿದ್ದೆಯ ಬೆದರು. ಕೆನಲ್‌ನಲ್ಲಿ ನಾಯಿ ಮಲಗಿರುವಾಗ ಯಾರೂ ಮುಟ್ಟುವುದಿಲ್ಲ, ಮೈಮೇಲೆ ಬೀಳುವುದಿಲ್ಲ. ಗಾಢ ನಿದ್ದೆಯಿಂದ ಥಟ್ಟನೆ ಎಚ್ಚರವಾದಾಗ ಎದುರಿಗಿರುವುದು ಯಾರೆಂದು ತಿಳಿಯುವ ಮೊದಲೇ ಬಾಯಿ ಮುಂದೆ ಬಂದಿರುತ್ತದೆ. ಇದರ ಜೊತೆಗೆ ಇನ್ನೊಂದು ತೊಡಕಿದೆ. ಬಹಳಷ್ಟು ಗ್ರೇಹೌಂಡ್‌ಗಳು ಕಣ್ಣು ತೆರೆದುಕೊಂಡೇ ನಿದ್ರಿಸುತ್ತವೆ. ಎಚ್ಚರವಾಗಿದೆ ಎಂದುಕೊಂಡು ಮಕ್ಕಳು ಹತ್ತಿರ ಹೋಗುವುದು ಹೀಗೆಯೇ.

ಮನೆಯಲ್ಲಿ ಎಲ್ಲರಿಗೂ ಒಂದೇ ನಿಯಮವಿರಲಿ: ಮಲಗಿದ ನಾಯಿಯನ್ನು ಮುಟ್ಟುವಂತಿಲ್ಲ. ಬೇಕಿದ್ದರೆ ಎರಡು ಮೀಟರ್ ದೂರದಿಂದ ಹೆಸರು ಹಿಡಿದು ಕರೆಯಿರಿ. ತಲೆ ಎತ್ತಿ, ಎದ್ದು, ತಾನಾಗಿ ಬಂದರೆ ಮಾತ್ರ ಮುದ್ದಾಡಬಹುದು. ಹಾಸಿಗೆಯನ್ನು ಜನ ಓಡಾಡುವ ದಾರಿಯಿಂದ ಸರಿಸಿ ಗೋಡೆಮೂಲೆಗೆ ಹಾಕಿ. ಮೊದಲ ಕೆಲವು ತಿಂಗಳು ಸೋಫಾ, ಮಂಚ ಹತ್ತಲು ಬಿಡಬೇಡಿ. ಅಲ್ಲಿ ಮಲಗಿದಾಗ ಮಗ್ಗುಲು ಬದಲಿಸಿದವರ ಕಾಲು ತಗುಲಿದರೂ ಸಾಕು ಬೆಚ್ಚಲು. ಗುರುಗುಟ್ಟಿದ್ದಕ್ಕೆ ಹೊಡೆಯಬೇಡಿ. ಗುರುಗುಟ್ಟುವುದು ಎಚ್ಚರಿಕೆ. ಅದನ್ನು ಹೊಡೆದು ನಿಲ್ಲಿಸಿದರೆ ಮುಂದಿನ ಸಲ ಎಚ್ಚರಿಕೆಯಿಲ್ಲದೆ ಹಲ್ಲು ತಾಗುತ್ತದೆ. ಎಷ್ಟೋ ನಾಯಿಗಳಲ್ಲಿ ಮನೆಗೆ ಒಗ್ಗಿದಂತೆ ಈ ಬೆದರು ಕಡಿಮೆಯಾಗುತ್ತದೆ, ಕೆಲವಕ್ಕೆ ಕೊನೆಯವರೆಗೂ ಉಳಿಯುತ್ತದೆ. ಎರಡಕ್ಕೂ ಇದೇ ನಿಯಮ ಸಾಕು. ನೀವು ಹೇಳಿದ ಈ ಒಂದು ಕಾರಣಕ್ಕೆ ವಾಪಸ್ ಕೊಡುವ ಅಗತ್ಯ ನಮಗೆ ಕಾಣುವುದಿಲ್ಲ. ಎಚ್ಚರವಿರುವಾಗಲೂ ಊಟದ ಬಟ್ಟಲಿಗೋ ಜಾಗಕ್ಕೋ ಗುರುಗುಟ್ಟಿದರೆ ಮಾತ್ರ ದತ್ತು ಕೊಟ್ಟವರಿಗೆ ತಡಮಾಡದೆ ತಿಳಿಸಿ.

ಪ್ರಶ್ನೆ: ಎಂಥ ಕುತ್ತಿಗೆಪಟ್ಟಿ ಕೊಳ್ಳಬೇಕು? ಪಾರ್ಕಿನಲ್ಲಿ ಬೇರೆ ನಾಯಿಗಳಂತೆ ಬಿಚ್ಚಿ ಬಿಡಬಹುದೇ? ಪಕ್ಕದ ಮನೆಯಲ್ಲಿ ಬೆಕ್ಕಿದೆ.
— ಲೆಸ್ಟರ್

ಉತ್ತರ: ಬಿಚ್ಚಿ ಬಿಡಬೇಡಿ. ಇದರಲ್ಲಿ ನಮಗೆ ಎರಡು ಮಾತಿಲ್ಲ. ಗ್ರೇಹೌಂಡ್ ಕಣ್ಣಿನಿಂದ ಬೇಟೆ ಹಿಡಿಯುವ ತಳಿ. ಕೆಲವೇ ನೆಗೆತಗಳಲ್ಲಿ ಗಂಟೆಗೆ 60 ಕಿ.ಮೀ. ವೇಗ ಮುಟ್ಟುತ್ತದೆ, ಅಂದರೆ ಸೆಕೆಂಡಿಗೆ 16 ಮೀಟರಿಗೂ ಹೆಚ್ಚು. ನೀವು ಹೆಸರು ಕೂಗಿ ಮುಗಿಸುವಷ್ಟರಲ್ಲಿ ಅದು ರಸ್ತೆಯಾಚೆ ಇರುತ್ತದೆ. ಅಳಿಲಿನ ಮೇಲೆ ಕಣ್ಣು ನೆಟ್ಟ ನಾಯಿಗೆ ಕಾರೂ ಕಾಣದು, ನಿಮ್ಮ ದನಿಯೂ ಕೇಳದು. ಓಡಿಸಬೇಕೆನ್ನಿಸಿದರೆ ಸುತ್ತ 1.5ರಿಂದ 1.8 ಮೀಟರ್ ಬೇಲಿಯಿರುವ ಮೈದಾನ ಬೇಕು. ಬ್ರಿಟನ್ನಿನಲ್ಲಿ ಇಂಥ ಮೈದಾನಗಳು ಗಂಟೆ ಲೆಕ್ಕಕ್ಕೆ ಬಾಡಿಗೆಗೆ ಸಿಗುತ್ತವೆ. ಬಿಡುವ ಮುಂಚೆ ಬೇಲಿಯ ಸುತ್ತ ಒಮ್ಮೆ ನಡೆದು ಸಂದು, ಮೊಲದ ಬಿಲ, ಗಾಜಿನ ಚೂರು ನೋಡಿಕೊಳ್ಳಿ. ಬಿಲದಲ್ಲಿ ಕಾಲು ಸಿಕ್ಕಿದರೆ ಆ ವೇಗಕ್ಕೆ ಮೂಳೆ ಉಳಿಯುವುದಿಲ್ಲ.

ಇದರ ಕುತ್ತಿಗೆ ತಲೆಗಿಂತ ದಪ್ಪ. ಮಾಮೂಲಿ ಬಕಲ್ ಪಟ್ಟಿಯಿಂದ ಹಿಂದಕ್ಕೆ ಜಗ್ಗಿ ತಲೆ ಕಳಚಿಕೊಂಡುಬಿಡುತ್ತದೆ. ಅದಕ್ಕೇ ಮಾರ್ಟಿಂಗೇಲ್ ಕಾಲರ್ ಬೇಕು: ದೊಡ್ಡ ಪಟ್ಟಿಗೊಂದು ಚಿಕ್ಕ ಕುಣಿಕೆ ಸೇರಿಸಿದ್ದು, ಜಗ್ಗಿದಾಗ ಬಿಗಿಯಾಗುತ್ತದೆ. ಅಗಲ 4–5 ಸೆಂ.ಮೀ. ಇರಲಿ. ಕಿವಿಯ ಹಿಂದೆಯೇ, ಕುತ್ತಿಗೆಯ ಮೇಲ್ಭಾಗದಲ್ಲಿ ಕೂರಬೇಕು. ಪೂರ್ತಿ ಬಿಗಿಯಾದಾಗ, ದೊಡ್ಡ ಪಟ್ಟಿಯ ತುದಿಗಳಲ್ಲಿ ಕುಣಿಕೆ ಹಾದುಹೋಗುವ ಎರಡು ಬಳೆಗಳ ನಡುವೆ ಎರಡು ಬೆರಳಿನಷ್ಟು ಜಾಗ ಉಳಿಯಬೇಕು. ಬಳೆಗಳು ಒಂದಕ್ಕೊಂದು ತಾಗಿದರೆ ಪಟ್ಟಿ ಸಡಿಲ, ತಲೆ ಜಾರುತ್ತದೆ. ಹೆದರುಪುಕ್ಕಲ ನಾಯಿಗೆ ಮೊದಲ ವಾರಗಳಲ್ಲಿ ಈ ಕಾಲರಿಗೊಂದು, ಮೈಗೆ ಹಾಕುವ ಹಾರ್ನೆಸ್‌ಗೊಂದು, ಹೀಗೆ ಎರಡು ಹಗ್ಗ ಕಟ್ಟಿ. ಉದ್ದವಾಗುತ್ತಾ ಹೋಗುವ ಸುರುಳಿ ಹಗ್ಗ ಖಂಡಿತ ಬೇಡ. ಐದು ಮೀಟರ್ ಓಡಿ ವೇಗ ಹಿಡಿದ ನಾಯಿಗೆ ಕೊನೆಯಲ್ಲಿ ಬೀಳುವ ಜಗ್ಗು ಕುತ್ತಿಗೆಯನ್ನೇ ಮುರಿಯಬಹುದು, ಹಿಡಿ ಕೈಜಾರಿದರೆ ಆ ಪ್ಲಾಸ್ಟಿಕ್ ಡಬ್ಬಿ ಹಿಂದಿನಿಂದ ಲೊಟಲೊಟ ಅಟ್ಟಿಸಿಕೊಂಡು ಬಂದಂತಾಗಿ ನಾಯಿ ಇನ್ನಷ್ಟು ಓಡುತ್ತದೆ. ಮನೆಯೊಳಗೆ ಮಾರ್ಟಿಂಗೇಲ್ ಬಿಚ್ಚಿಡಿ, ಎಲ್ಲಾದರೂ ಸಿಕ್ಕಿಕೊಂಡರೆ ಉರುಳಾದೀತು. ಬ್ರಿಟನ್ನಿನಲ್ಲಿ ಹೊರಗೆ ಹೋಗುವಾಗ ಯಜಮಾನರ ಹೆಸರು ವಿಳಾಸ ಇರುವ ಬಿಲ್ಲೆ ಕಡ್ಡಾಯ.

ದಿನಕ್ಕೆ ಎರಡು ಬಾರಿ, 20–30 ನಿಮಿಷದ ನಡಿಗೆ ಸಾಕು. ಇದು ಅರ್ಧ ನಿಮಿಷದ ಓಟಕ್ಕೆ ತಯಾರಾದ ಮೈ, ಗಂಟೆಗಟ್ಟಲೆ ಜಾಗಿಂಗ್‌ಗೆ ಅಲ್ಲ.

ಬೆಕ್ಕಿನ ವಿಷಯ: ಮಜಲ್ ಎನ್ನುವ ಬಾಯಿಕುಕ್ಕೆ ನಾಯಿಯ ಜೊತೆಗೇ ಬಂದಿರುತ್ತದೆ, ಹಾಕಲು ನಾಚಿಕೆ ಬೇಡ. ಬುಟ್ಟಿಯಾಕಾರದ್ದಾದರೆ ಅದನ್ನು ಹಾಕಿಕೊಂಡೇ ನೀರು ಕುಡಿಯಬಹುದು, ಏದುಸಿರು ಬಿಡಬಹುದು. ಬೆಕ್ಕು ಕಂಡಾಗ ನಾಯಿ ಮೂಸಿ ಮುಖ ತಿರುಗಿಸಿದರೆ ಒಳ್ಳೆಯದು. ಮೈ ಸೆಟೆದು, ಕಣ್ಣು ಕೀಳದೆ, ನಡುಗುತ್ತಾ ಕುಂಯ್‌ಗುಟ್ಟಿದರೆ ಆ ನಾಯಿಯನ್ನೂ ಬೆಕ್ಕನ್ನೂ ಒಂದೇ ಕಡೆ ಬಿಡಲಾಗದು. ಮನೆಯೊಳಗೆ ಬೆಕ್ಕಿನ ಜೊತೆ ಮಲಗುವ ನಾಯಿಯೂ ಹಿತ್ತಲಲ್ಲಿ ಓಡುವ ಬೆಕ್ಕನ್ನು ಅಟ್ಟೀತು, ಅದನ್ನು ಕೆರಳಿಸುವುದು ಬೆಕ್ಕಿನ ಓಟ. ಆಸ್ಟ್ರೇಲಿಯಾದ ಓದುಗರಿಗೆ: ವಿಕ್ಟೋರಿಯಾದಲ್ಲಿ 2019ರಿಂದ ಸಾಕಿದ ಗ್ರೇಹೌಂಡ್‌ಗೆ ಬೀದಿಯಲ್ಲಿ ಬಾಯಿಕುಕ್ಕೆ ಕಡ್ಡಾಯವಲ್ಲ, ಹಗ್ಗ ಮಾತ್ರ ಕಡ್ಡಾಯ.

ಪ್ರಶ್ನೆ: ನಾವು ಸಸ್ಯಾಹಾರಿಗಳು. ಅನ್ನ, ಮೊಸರು, ಸಾರು ಹಾಕಿ ಸಾಕಬಹುದೇ? ಊರಿಂದ ಬಂದ ಅತ್ತೆಯವರು, ‘ಪಕ್ಕೆಲುಬು ಕಾಣ್ತಿದೆ, ಹೊಟ್ಟೆಗೆ ಹಾಕ್ತಿಲ್ವಾ’ ಎಂದು ಬೇಸರ ಪಡುತ್ತಿದ್ದಾರೆ.
— ಸ್ಲೌ, ಇಂಗ್ಲೆಂಡ್

ಉತ್ತರ: ಅತ್ತೆಯವರಿಗೆ ಹೇಳಿ: ಗ್ರೇಹೌಂಡ್‌ನ ಕೊನೆಯ ಎರಡು ಮೂರು ಪಕ್ಕೆಲುಬು ತೆಳುವಾಗಿ ಕಾಣಬೇಕು. ಅದೇ ಆರೋಗ್ಯ. ಬೆನ್ನುಮೂಳೆಯ ಗಿಣ್ಣುಗಳು ಚೂಪಾಗಿ ಎದ್ದು ಕಂಡರೆ ತೂಕ ಕಮ್ಮಿ. ಪಕ್ಕೆಲುಬು ಒಂದೂ ಕಾಣದಿದ್ದರೆ ಬೊಜ್ಜು. ಓಟದ ದಿನಗಳ ತೂಕ ದಾಖಲೆಯಲ್ಲಿ ಇರುತ್ತದೆ. ಅದಕ್ಕಿಂತ ಒಂದರಿಂದ ಮೂರು ಕೆ.ಜಿ. ಏರಿದರೆ ಸರಿ, ಅಲ್ಲಿಗೆ ನಿಲ್ಲಿಸಿ. ಸಣ್ಣ ಕಾಲುಗಳು ಹೊರುವ ಪ್ರತಿ ಹೆಚ್ಚಿನ ಕೆ.ಜಿ. ಮುಂದೆ ಕೀಲುನೋವಾಗುತ್ತದೆ.

30 ಕೆ.ಜಿ. ನಾಯಿಗೆ ದಿನಕ್ಕೆ ಸುಮಾರು 1,300–1,500 ಕಿಲೊ ಕ್ಯಾಲರಿ ಬೇಕು. 100 ಗ್ರಾಂಗೆ 350 ಕಿಲೊ ಕ್ಯಾಲರಿ ಕೊಡುವ ಒಣ ಆಹಾರವಾದರೆ 370–430 ಗ್ರಾಂ, ಎರಡು ಹೊತ್ತಿಗೆ ಹಂಚಿ. ಅಳತೆಗೆ ಲೋಟ ಬೇಡ, ತಕ್ಕಡಿ ಬಳಸಿ. ಅನ್ನ–ಮೊಸರು–ಸಾರಿನಲ್ಲಿ ಹೊಟ್ಟೆ ತುಂಬುತ್ತದೆ, ಆದರೆ ಪ್ರೋಟೀನ್, ಕ್ಯಾಲ್ಸಿಯಂ, ಬೇಕಾದ ಕೊಬ್ಬು ಸಾಲುವುದಿಲ್ಲ. ಮನೆಯಲ್ಲಿ ಮಾಂಸ ಬೇಯಿಸದೆಯೂ ಇದಕ್ಕೆ ದಾರಿಯಿದೆ. ಪೊಟ್ಟಣದ ಮೇಲೆ ‘ಕಂಪ್ಲೀಟ್’ ಎಂದು ಬರೆದಿರುವ ಆಹಾರ ಕೊಳ್ಳಿ. ‘ಕಾಂಪ್ಲಿಮೆಂಟರಿ’ ಎಂದಿದ್ದರೆ ಅದು ಪೂರ್ಣ ಆಹಾರವಲ್ಲ. ಸಸ್ಯಾಹಾರದಲ್ಲೇ ‘ಕಂಪ್ಲೀಟ್’ ಬಗೆಯೂ ಬ್ರಿಟನ್ನಿನಲ್ಲಿ ಸಿಗುತ್ತದೆ. ಪಶುವೈದ್ಯರನ್ನು ಕೇಳಿ ಆರಿಸಿ. ಒಂದು ಹಿಡಿ ಅನ್ನ, ಉಪ್ಪು ಹಾಕದ ಬೇಯಿಸಿದ ಕ್ಯಾರೆಟ್, ಸಿಹಿಗುಂಬಳ, ಎರಡು ಚಮಚ ಸಪ್ಪೆ ಮೊಸರು ಮೇಲೋಗರವಾಗಿ ಕೊಡಬಹುದು.

ಮೊದಲ ವಾರ ಅದು ಹಿಂದೆ ತಿನ್ನುತ್ತಿದ್ದ ಆಹಾರವನ್ನೇ ಕೊಡಿ. ಆಮೇಲೆ ಹೊಸದನ್ನು ಕಾಲುಭಾಗ, ಅರ್ಧ, ಮುಕ್ಕಾಲು ಹೀಗೆ 7–10 ದಿನದಲ್ಲಿ ಬೆರೆಸುತ್ತಾ ಬದಲಿಸಿ. ಒಮ್ಮೆಗೇ ಬದಲಿಸಿದರೆ ಭೇದಿಯಾಗುವುದು ಬಹುತೇಕ ಖಚಿತ.

ನಮ್ಮ ಅಡುಗೆಮನೆಯಲ್ಲಿ ಇರುವ ವಿಷಗಳನ್ನು ಮನೆಗೆ ಬರುವ ನೆಂಟರಿಗೂ ತಿಳಿಸಿ. ಈರುಳ್ಳಿ, ಬೆಳ್ಳುಳ್ಳಿ ಹಸಿಯಾದರೂ ಬೆಂದರೂ ಪುಡಿಯಾದರೂ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಈರುಳ್ಳಿ ಹುಳಿ ಕಲಸಿದ ಅನ್ನ ಮಿಕ್ಕಿತೆಂದು ಹಾಕಬೇಡಿ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡ ಕೆಡಿಸುತ್ತವೆ. ಪಾಯಸ, ಕೇಸರಿಬಾತ್, ಲಾಡುಗಳಲ್ಲಿ ಅದು ಇರುತ್ತದೆ, ಪ್ರೀತಿಯಿಂದ ತುತ್ತು ಕೊಡುವ ಅಜ್ಜಿಯರು ಇದನ್ನು ಮರೆಯುತ್ತಾರೆ. ಚಾಕೊಲೇಟ್ ಬೇಡ. ಸಕ್ಕರೆರಹಿತ ಚೂಯಿಂಗ್ ಗಮ್, ಕೆಲವು ಪೀನಟ್ ಬಟರ್‌ಗಳಲ್ಲಿ ಸಕ್ಕರೆಯ ಬದಲು ಇರುವ ಜೈಲಿಟಾಲ್ ಎಂಬ ಸಿಹಿವಸ್ತು ಸ್ವಲ್ಪವೇ ಹೊಟ್ಟೆಗೆ ಹೋದರೂ ರಕ್ತದ ಸಕ್ಕರೆ ಕುಸಿದು ಪ್ರಾಣಕ್ಕೆ ಅಪಾಯ. ಇವನ್ನು ತಿಂದಿದೆ ಎಂದು ಗೊತ್ತಾದರೆ ಲಕ್ಷಣಕ್ಕಾಗಿ ಕಾಯದೆ ಪಶುವೈದ್ಯರಿಗೆ ಫೋನ್ ಮಾಡಿ.

ಊಟಕ್ಕೆ ಮುಂಚೆ ಒಂದು ಗಂಟೆ, ಆದ ಮೇಲೆ ಒಂದು ಗಂಟೆ ಓಡಿಸಬೇಡಿ. ಆಳ ಎದೆಯ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವ ಕಾಯಿಲೆ ಉಂಟು. ಹೊಟ್ಟೆ ಡೊಳ್ಳಾಗಿ ಉಬ್ಬಿ, ವಾಂತಿಗೆ ಒತ್ತರಿಸಿಯೂ ಏನೂ ಬರದೆ ಒದ್ದಾಡಿದರೆ ಅದು ತುರ್ತು. ನಡುರಾತ್ರಿಯಾದರೂ ಹೊರಡಿ.

ಪ್ರಶ್ನೆ: ಇಬ್ಬರೂ ಕೆಲಸಕ್ಕೆ ಹೋಗುತ್ತೇವೆ. ಬಾಗಿಲು ಹಾಕಿದ ಕೂಡಲೇ ಊಳಿಡುತ್ತದಂತೆ, ಪಕ್ಕದವರು ದೂರು ಹೇಳಿದರು.
— ಸಿಡ್ನಿ

ಉತ್ತರ: ಕೆನಲ್‌ನಲ್ಲಿ ಹಗಲೂ ರಾತ್ರಿ ಸುತ್ತ ಬೇರೆ ನಾಯಿಗಳ ಉಸಿರಿರುತ್ತದೆ. ಒಂಟಿತನ ಅದಕ್ಕೆ ಇದೇ ಮೊದಲು. ಬಂದ ಎರಡನೇ ದಿನದಿಂದಲೇ ಅಭ್ಯಾಸ ಶುರುಮಾಡಬೇಕಿತ್ತು, ಈಗಲೂ ಆಗುತ್ತದೆ. ಬೀಗದ ಕೈ ಎತ್ತಿಕೊಂಡು, ಚಪ್ಪಲಿ ಹಾಕಿ, ಎಲ್ಲೂ ಹೋಗದೆ ಕೂತುಬಿಡಿ. ಇದನ್ನು ದಿನಕ್ಕೆ ಹತ್ತಾರು ಬಾರಿ ಮಾಡಿದರೆ ಬೀಗದ ಸದ್ದಿಗೆ ಗಾಬರಿಯಾಗುವುದು ತಪ್ಪುತ್ತದೆ. ಆಮೇಲೆ ಬಾಗಿಲಾಚೆ 30 ಸೆಕೆಂಡ್, ಒಂದು ನಿಮಿಷ, ಎರಡು, ಐದು, ಹತ್ತು. ಅಳು ಶುರುವಾಗುವ ಮೊದಲೇ ವಾಪಸ್ ಬರುವುದು ಮುಖ್ಯ. ಹಳೆಯ ಫೋನೊಂದನ್ನು ಕ್ಯಾಮೆರಾ ಮಾಡಿಟ್ಟು ನೋಡಿಕೊಳ್ಳಿ. ಒಂದು ಹಂತದಲ್ಲಿ ಅತ್ತರೆ ಹಿಂದಿನ ಹಂತಕ್ಕೆ ಇಳಿಯಿರಿ.

ಕೋಣೆಯೊಳಗೆ ಕೂಡಿ ಬಾಗಿಲು ಹಾಕುವ ಬದಲು ಮಕ್ಕಳ ಗೇಟ್ ಹಾಕಿ, ಆಚೆ ಕಾಣುವಂತಿದ್ದರೆ ಎಷ್ಟೋ ನಾಯಿಗಳು ಸಮಾಧಾನವಾಗಿರುತ್ತವೆ. ಹೊರಡುವ ಮುನ್ನ ನಡಿಗೆ, ತಿನಿಸು ತುಂಬಿ ಫ್ರೀಜ್ ಮಾಡಿದ ರಬ್ಬರ್ ಆಟಿಕೆ, ಮೆಲ್ಲಗೆ ರೇಡಿಯೊ. ಅಭ್ಯಾಸವಾದ ಮೇಲೂ ಒಂದೇ ಸಮನೆ ನಾಲ್ಕು ಗಂಟೆಗಿಂತ ಹೆಚ್ಚು ಬಿಡಬೇಡಿ. ಅದಕ್ಕಿಂತ ಹೆಚ್ಚು ಹೊರಗಿರುವವರು ಮಧ್ಯಾಹ್ನ ಬಂದು ನಡೆಸುವವರನ್ನು ಗೊತ್ತುಮಾಡಿಕೊಳ್ಳಲೇಬೇಕು. ಜೊಲ್ಲು ಸುರಿಸುತ್ತಾ ಬಾಗಿಲು ಕೆರೆದು ಉಗುರು ಕಿತ್ತುಕೊಳ್ಳುವಷ್ಟಾದರೆ ಅಭ್ಯಾಸವೊಂದೇ ಸಾಲದು, ಔಷಧಿಯೂ ಬೇಕಾಗಬಹುದು.

ಪ್ರಶ್ನೆ: ತೊಡೆಯ ಹಿಂದೆ ಕೂದಲೇ ಇಲ್ಲ. ಕಿವಿಯೊಳಗೆ ಹಚ್ಚೆ ಇದೆ. ಇದೇನು?
— ಬರ್ಮಿಂಗ್‌ಹ್ಯಾಮ್

ಉತ್ತರ: ಬೋಳು ತೊಡೆ ಈ ತಳಿಯಲ್ಲಿ ಸಾಮಾನ್ಯ. ಚರ್ಮ ಕೆಂಪಾಗದೆ, ತುರಿಕೆಯಿಲ್ಲದೆ ನಯವಾಗಿದ್ದರೆ ಬಿಟ್ಟುಬಿಡಿ. ಹಲವಕ್ಕೆ ತಿಂಗಳುಗಳಲ್ಲಿ ಮತ್ತೆ ಬೆಳೆಯುತ್ತದೆ. ಹಚ್ಚೆ ರೇಸಿನ ಗುರುತು. ಎರಡೂ ಕಿವಿಯಲ್ಲಿದ್ದರೆ ಐರ್ಲೆಂಡಿನಲ್ಲಿ ಹುಟ್ಟಿದ್ದು, ಒಂದೇ ಕಿವಿಯಲ್ಲಿದ್ದರೆ ಬ್ರಿಟನ್ನಿನದು. ಮೈಕ್ರೋಚಿಪ್‌ನ ದಾಖಲೆ ನಿಮ್ಮ ಹೆಸರಿಗೆ ಬದಲಾಗಿದೆಯೇ ಎಂದು ಮಾತ್ರ ಇಂದೇ ನೋಡಿ.

ಪ್ರಶ್ನೆ: ಏಳು ವರ್ಷದ ಹೆಣ್ಣು. ಫುಟ್‌ಪಾತ್ ಮೇಲೆ ಕುಂಟುತ್ತದೆ, ಹುಲ್ಲಿನ ಮೇಲೆ ಸರಾಗ. ಮನುಷ್ಯರ ನೋವಿನ ಮಾತ್ರೆ ಕೊಡಬಹುದೇ?
— ಬ್ರಿಸ್ಬೇನ್

ಉತ್ತರ: ಮಾತ್ರೆ ಕೊಡಬೇಡಿ. ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ ಮೂತ್ರಪಿಂಡ ಹಾಳುಮಾಡುತ್ತದೆ. ಪಶುವೈದ್ಯರು ಹೇಳದೆ ಪ್ಯಾರಸಿಟಮಾಲ್ ಕೂಡ ಬೇಡ.

ಗಟ್ಟಿ ನೆಲದಲ್ಲಿ ಕುಂಟಿ ಹುಲ್ಲಿನಲ್ಲಿ ಸರಿಯಾಗಿ ನಡೆದರೆ ಮೊದಲು ಅನುಮಾನಿಸಬೇಕಾದದ್ದು ಆಣಿ. ಮನುಷ್ಯರ ಕಾಲಿಗೆ ಆಗುವಂಥದೇ ಆಣಿ ಗ್ರೇಹೌಂಡ್‌ನ ಅಂಗಾಲಿನ ಮೆತ್ತೆಯಲ್ಲಿ, ಹೆಚ್ಚಾಗಿ ಮುಂಗಾಲಿನ ನಡುವಿನ ಎರಡು ಬೆರಳಲ್ಲಿ ಆಗುತ್ತದೆ. ಪಾದ ತೊಳೆದು, ಒದ್ದೆಯಿರುವಾಗಲೇ ಬೆಳಕಿನಲ್ಲಿ ನೋಡಿ. ಸುತ್ತಲಿನ ಚರ್ಮಕ್ಕಿಂತ ತಿಳಿಬಣ್ಣದ, ದುಂಡನೆಯ, ಗಟ್ಟಿ ಚುಕ್ಕೆ ಕಾಣುತ್ತದೆ. ಎರಡೂ ಬದಿಯಿಂದ ಹಿಂಡಿದರೆ ಕಾಲು ಎಳೆದುಕೊಳ್ಳುತ್ತದೆ. ಪಶುವೈದ್ಯರು ಅದನ್ನು ಹೆರೆದು ತೆಗೆಯುತ್ತಾರೆ, ಆಗಲೇ ನಡಿಗೆ ಹಗುರಾಗುತ್ತದೆ. ಆದರೆ ಮರಳಿ ಬೆಳೆಯುವುದು ಸಾಮಾನ್ಯ, ವಾರಗಳಿಗೊಮ್ಮೆ ಹೆರೆಸಬೇಕಾಗಬಹುದು. ಹೊರಗೆ ಹೋಗುವಾಗ ಮೆತ್ತನೆ ಅಡಿಯ ಬೂಟು ಹಾಕಿ, ಬಂದ ಮೇಲೆ ಬಿಚ್ಚಿ. ಮತ್ತೆ ಮತ್ತೆ ಬರುವ ಆಣಿಗೆ, ಆ ಬೆರಳಿನ ಮೇಲೆ ಭಾರ ಬೀಳದಂತೆ ಅದರ ಸ್ನಾಯುರಜ್ಜು ಕತ್ತರಿಸುವ ಶಸ್ತ್ರಚಿಕಿತ್ಸೆಯೂ ಈಗ ಇದೆ. ಮೆಡಿಕಲ್ ಶಾಪಿನ ಆಣಿ ಪಟ್ಟಿ ಅಂಟಿಸಬೇಡಿ, ಅದರ ಆಮ್ಲವನ್ನು ನಾಯಿ ನೆಕ್ಕುತ್ತದೆ.

ಉಗುರನ್ನೂ ನೋಡಿ. ನಿಂತಾಗ ಉಗುರು ನೆಲ ಮುಟ್ಟಿ ಟಕಟಕ ಸದ್ದು ಬಂದರೆ ಉದ್ದವಾಗಿದೆ, ಬೆರಳಿನ ಕೀಲುಗಳು ಹಿಂದಕ್ಕೆ ಬಾಗುತ್ತವೆ. ಎರಡು ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪ ಕತ್ತರಿಸಿ. ಇನ್ನು ಬಲ ಹಿಂಗಾಲಿನ ಹಿಮ್ಮಡಿ ಕೀಲು. ಹೆಚ್ಚಿನ ಟ್ರ್ಯಾಕ್‌ಗಳಲ್ಲಿ ನಾಯಿಗಳು ಎಡಕ್ಕೆ ತಿರುಗುತ್ತಾ ಓಡುವುದರಿಂದ ತಿರುವಿನ ಒತ್ತಡವೆಲ್ಲ ಆ ಕೀಲಿನ ಮೇಲೆ ಬಿದ್ದು ಸಣ್ಣ ಮೂಳೆ ಮುರಿಯುವುದು ಈ ತಳಿಯ ಹಳೆಯ ಗಾಯ. ವಯಸ್ಸಾದಂತೆ ಅಲ್ಲೇ ಸಂಧಿವಾತ ಬರುತ್ತದೆ, ಚಳಿಯ ಬೆಳಗಿನಲ್ಲಿ ಹೆಚ್ಚು.

ಕಟುವಾದ ಮಾತೊಂದನ್ನು ಹೇಳಲೇಬೇಕು. ನಿವೃತ್ತ ಗ್ರೇಹೌಂಡ್‌ಗಳಲ್ಲಿ ಮೂಳೆ ಕ್ಯಾನ್ಸರ್ ಬೇರೆ ಅನೇಕ ತಳಿಗಳಿಗಿಂತ ಹೆಚ್ಚು. ಭುಜದ ಹತ್ತಿರ, ಮೊಣಕಾಲಿನ ಹತ್ತಿರ, ಉದ್ದ ಮೂಳೆಗಳಲ್ಲಿ ಬರುತ್ತದೆ. ಆರೇಳು ವರ್ಷ ದಾಟಿದ ನಾಯಿಯ ಕುಂಟು ವಾರವಾದರೂ ಕಡಿಮೆಯಾಗದಿದ್ದರೆ, ಎಲ್ಲ ನೆಲದಲ್ಲೂ ಕುಂಟಿದರೆ, ಮೂಳೆಯ ಮೇಲೆ ಬಿಸಿ ಊತ ಕಂಡರೆ, ಉಳುಕೆಂದು ಕಾಯದೆ ಎಕ್ಸ್‌ರೇ ಮಾಡಿಸಿ. ತಡವಾದರೆ ಟೊಳ್ಳಾದ ಮೂಳೆ ನಡೆಯುವಾಗಲೇ ಮುರಿಯಬಹುದು.

ಪ್ರಶ್ನೆ: ಹಲ್ಲು ಕೆಟ್ಟಿದೆ, ಅರಿವಳಿಕೆ ಕೊಟ್ಟು ಕೀಳಬೇಕೆಂದರು. ಅದಕ್ಕೆ ಮಾಡಿಸಿದ ರಕ್ತಪರೀಕ್ಷೆಯಲ್ಲಿ ಥೈರಾಯ್ಡ್ ಕಮ್ಮಿ, ಪ್ಲೇಟ್‌ಲೆಟ್ ಕಮ್ಮಿ ಎಂದು ಬಂದಿದೆ. ಗಾಬರಿಯಾಗಿದೆ.
— ಮಿಲ್ಟನ್ ಕೀನ್ಸ್

ಉತ್ತರ: ಬೇರೆ ತಳಿಗಳ ಅಳತೆಯಲ್ಲಿ ಗ್ರೇಹೌಂಡ್‌ನ ರಕ್ತವನ್ನು ತೂಗಿದರೆ ಹೀಗೆಯೇ ಬರುತ್ತದೆ. ಬಹುತೇಕ ನಾಯಿಗಳ ರಕ್ತದಲ್ಲಿ ಕೆಂಪು ಕಣದ ಪಾಲು 37–55% ಇದ್ದರೆ ಇದರದ್ದು 50–65%. ಪ್ಲೇಟ್‌ಲೆಟ್, ಬಿಳಿ ಕಣ ಕಮ್ಮಿ. ಮೂತ್ರಪಿಂಡದ ಕೆಲಸ ಅಳೆಯಲು ನೋಡುವ ಕ್ರಿಯಾಟಿನಿನ್ ತುಸು ಹೆಚ್ಚು. ಟಿ4 ಎನ್ನುವ ಥೈರಾಯ್ಡ್ ಹಾರ್ಮೋನ್ ಆರೋಗ್ಯವಂತ ಗ್ರೇಹೌಂಡ್‌ನಲ್ಲೂ ಮಾಮೂಲಿ ಮಿತಿಗಿಂತ ಕೆಳಗಿರುತ್ತದೆ. ಟಿ4 ಒಂದನ್ನೇ ನೋಡಿ ಜೀವನಪರ್ಯಂತ ಮಾತ್ರೆ ಶುರುಮಾಡಬೇಡಿ. ಥೈರಾಯ್ಡ್ ಗ್ರಂಥಿಯನ್ನು ಚುರುಕುಗೊಳಿಸುವ ಟಿಎಸ್‌ಎಚ್ ಹಾರ್ಮೋನಿನ ಪರೀಕ್ಷೆಯೂ ಆಗಲಿ, ತೂಕ ಏರಿಕೆ, ಮಂಕು ಮುಂತಾದ ಲಕ್ಷಣಗಳಿವೆಯೇ ನೋಡಲಿ. ಪಶುವೈದ್ಯರನ್ನು ‘ಗ್ರೇಹೌಂಡ್‌ಗೆಂದೇ ಇರುವ ಮಿತಿಗಳಿಗೆ ಹೋಲಿಸಿ ನೋಡುವಿರಾ’ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಅರಿವಳಿಕೆಯಲ್ಲಿ ಮೂರು ಎಚ್ಚರ. ಥಯೋಪೆಂಟಾಲ್ ಜಾತಿಯ ಔಷಧಿ ಬೇಡ: ಗ್ರೇಹೌಂಡ್‌ನ ಪಿತ್ತಜನಕಾಂಗ ಅದನ್ನು ನಿಧಾನವಾಗಿ ಕರಗಿಸುತ್ತದೆ, ಮೈಯಲ್ಲಿ ಕೊಬ್ಬೂ ಕಮ್ಮಿ, ಎಚ್ಚರವಾಗಲು ವಿಪರೀತ ಹೊತ್ತು ಹಿಡಿಯುತ್ತದೆ. ಈಗ ಬಳಸುವ ಪ್ರೊಪೊಫಾಲ್, ಆಲ್ಫಾಕ್ಸಲೋನ್ ಪರವಾಗಿಲ್ಲ. ಎರಡನೆಯದು, ಕೊಬ್ಬಿಲ್ಲದ ಮೈ ಮೇಜಿನ ಮೇಲೆ ಬೇಗ ತಣ್ಣಗಾಗುತ್ತದೆ, ಅದೇ ನಾಯಿ ಗಾಬರಿಯಾದಾಗ ಜ್ವರದಂತೆ ಬಿಸಿಯೇರುತ್ತದೆ. ಎರಡನ್ನೂ ಥರ್ಮಾಮೀಟರ್ ಇಟ್ಟು ನೋಡುತ್ತಿರಬೇಕು. ಮೂರನೆಯದು ಮನೆಯವರು ಗಮನಿಸಬೇಕಾದದ್ದು: ಶಸ್ತ್ರಚಿಕಿತ್ಸೆಯ ದಿನ ಎಲ್ಲ ಸರಿಯಿದ್ದು, ಒಂದೂವರೆ ಎರಡು ದಿನದ ಮೇಲೆ ರಕ್ತ ಜಿನುಗುವುದು, ಮೈ ಕಪ್ಪುನೀಲಿಯಾಗುವುದು ಈ ತಳಿಯಲ್ಲಿ ಉಂಟು. ಕಟ್ಟಿದ ಹೆಪ್ಪು ಬೇಗ ಕರಗಿಬಿಡುವುದೇ ಕಾರಣ. ಅದನ್ನು ತಡೆಯಲು ಟ್ರಾನೆಕ್ಸಾಮಿಕ್ ಆಮ್ಲ ಕೊಡುವುದುಂಟು, ಮೊದಲೇ ಮಾತಾಡಿಕೊಳ್ಳಿ.

ಹಲ್ಲನ್ನು ಮುಂದೆ ಉಳಿಸಿಕೊಳ್ಳಲು ದಿನಕ್ಕೊಮ್ಮೆ ಬ್ರಷ್ ಮಾಡಿ. ಮೊದಲ ವಾರ ಬೆರಳಿಗೆ ಬಟ್ಟೆ ಸುತ್ತಿ ಮೇಲಿನ ದವಡೆಯ ಹೊರಬದಿಯನ್ನಷ್ಟೇ ಉಜ್ಜಿ, ಪಾಚಿ ಹೆಚ್ಚು ಕಟ್ಟುವುದು ಅಲ್ಲಿ. ನಮ್ಮ ಟೂತ್‌ಪೇಸ್ಟ್ ಬೇಡ, ನಾಯಿ ಉಗುಳುವುದಿಲ್ಲ.

ಪ್ರಶ್ನೆ: ಚಳಿಗಾಲ ಬರುತ್ತಿದೆ, ದೀಪಾವಳಿಯೂ ಬರುತ್ತಿದೆ. ಏನು ತಯಾರಿ?
— ಮ್ಯಾಂಚೆಸ್ಟರ್

ಉತ್ತರ: 10 ಡಿಗ್ರಿಗಿಂತ ಕೆಳಗೆ ಗಾಳಿ ಮಳೆಯಿದ್ದರೆ ಕೋಟು ಹಾಕಿ, 5 ಡಿಗ್ರಿಗಿಂತ ಕೆಳಗಾದರೆ ಯಾವಾಗಲೂ. ಎದೆ, ಹೊಟ್ಟೆ ಮುಚ್ಚುವಂತಿರಲಿ. ಒದ್ದೆ ಕೋಟು ಕೋಟಿಲ್ಲದ್ದಕ್ಕಿಂತ ಕೆಟ್ಟದು, ಎರಡು ಇಟ್ಟುಕೊಳ್ಳಿ. ಹಾಸಿಗೆ ಕನಿಷ್ಠ 10 ಸೆಂ.ಮೀ. ದಪ್ಪವಿರಲಿ, ಇಲ್ಲವಾದರೆ ಮೊಣಕೈ ಮೂಳೆ ನೆಲಕ್ಕೆ ಒತ್ತಿ ಹುಣ್ಣಾಗುತ್ತದೆ.

ಬ್ರಿಟನ್ನಿನಲ್ಲಿ ನವೆಂಬರ್ 5ರ ಬಾನ್‌ಫೈರ್ ನೈಟ್ ಆಚರಣೆಯ ಪಟಾಕಿಯೂ ದೀಪಾವಳಿಯೂ ಹತ್ತಿರ ಹತ್ತಿರ ಬರುವುದರಿಂದ ಎರಡು ಮೂರು ವಾರ ಸದ್ದಿರುತ್ತದೆ. ಸಂಜೆಯ ನಡಿಗೆಯನ್ನು ಕತ್ತಲಾಗುವ ಮುಂಚೆ ಮುಗಿಸಿ, ಎರಡು ಹಗ್ಗ ಕಟ್ಟಿಯೇ ಹೊರಡಿ. ಪರದೆ ಎಳೆದು, ಒಳಕೋಣೆಯಲ್ಲಿ ಹಾಸಿಗೆ ಹಾಕಿ, ಫ್ಯಾನ್ ಅಥವಾ ರೇಡಿಯೊ ಹಾಕಿಡಿ. ಹೋದ ವರ್ಷ ತುಂಬ ಹೆದರಿದ್ದರೆ ಹದಿನೈದು ದಿನ ಮೊದಲೇ ಪಶುವೈದ್ಯರನ್ನು ಕಾಣಿ. ಎಸಿಪಿ ಎನ್ನುವ ಹಳೆಯ ಮಾತ್ರೆಯೊಂದನ್ನೇ ಕೇಳಬೇಡಿ. ಅದು ಮೈಯನ್ನು ಮಂಕು ಮಾಡುತ್ತದೆ, ಭಯ ಹಾಗೆಯೇ ಉಳಿಯುತ್ತದೆ. ಹಣತೆಗಳನ್ನು ನೆಲದಲ್ಲಾಗಲಿ ಗಿಡ್ಡ ಮೇಜಿನ ಮೇಲಾಗಲಿ ಇಡಬೇಡಿ, ಇದರ ಬಾಲ ಬೀಸುವುದು ಸರಿಯಾಗಿ ಆ ಎತ್ತರದಲ್ಲಿ. ನೆಂಟರು ಬಂದಾಗ ಮುಂಬಾಗಿಲು ತೆರೆದೇ ಇರುತ್ತದೆ. ಆ ಹೊತ್ತಿಗೆ ನಾಯಿ ಗೇಟಿನ ಹಿಂದಿರಲಿ.

ಪ್ರಶ್ನೆ: ನಮ್ಮ ಮನ್ಯಾಗ ಮುಧೋಳ ನಾಯಿ ಐತ್ರಿ. ಗ್ರೇಹೌಂಡಿಗೆ ನೀವು ಹೇಳೂದೆಲ್ಲಾ ಇದಕ್ಕೂ ಹೊಂದತೈತೇನು?
— ಧಾರವಾಡ

ಉತ್ತರ: ಎಷ್ಟೋ ಹೊಂದುತ್ತದೆ. ಅದೂ ಕಣ್ಣಿನಿಂದ ಬೇಟೆ ಹಿಡಿಯುವ ತಳಿ. ತೆಳು ಚರ್ಮ, ಕೊಬ್ಬಿಲ್ಲದ ಮೈ, ಓಡುವುದನ್ನು ಅಟ್ಟುವ ಗುಣ ಎರಡಕ್ಕೂ ಒಂದೇ. ಮಾರ್ಟಿಂಗೇಲ್ ಕಾಲರ್, ಎತ್ತರದ ಬೇಲಿ, ದಪ್ಪ ಹಾಸಿಗೆ, ಊಟದ ಹೊತ್ತಿಗೆ ಓಟ ಬೇಡವೆಂಬುದು, ಈರುಳ್ಳಿ ಒಣದ್ರಾಕ್ಷಿಯ ಎಚ್ಚರ ಇವೆಲ್ಲ ಹಾಗೆಯೇ ಅನ್ವಯಿಸುತ್ತವೆ. ಆದರೆ ಮುಧೋಳ ನಾಯಿ ಮನೆ, ಹೊಲ, ಜನರ ನಡುವೆ ಬೆಳೆದದ್ದು. ಮೆಟ್ಟಿಲು, ಒಂಟಿತನದ ಪಾಠ ಅದಕ್ಕೆ ಅಷ್ಟಾಗಿ ಬೇಡ. ಅಪರಿಚಿತರನ್ನು ಗ್ರೇಹೌಂಡ್‌ನಷ್ಟು ಸಲೀಸಾಗಿ ಹತ್ತಿರ ಬಿಟ್ಟುಕೊಳ್ಳುವುದೂ ಇಲ್ಲ.

ರಕ್ತದ ಲೆಕ್ಕದಲ್ಲಿ ಮಾತ್ರ ಎಚ್ಚರ. ಗ್ರೇಹೌಂಡ್‌ನ ಮಿತಿಗಳನ್ನು ಮುಧೋಳಕ್ಕೆ ಹಾಗೆಯೇ ಹಾಕಬೇಡಿ. ನಮ್ಮಲ್ಲಿ ಉಣ್ಣಿ ಕಚ್ಚಿ ಬರುವ ಎರ್ಲಿಕಿಯಾ ಜ್ವರದಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ‘ಈ ಜಾತಿಗೆ ಪ್ಲೇಟ್‌ಲೆಟ್ ಕಮ್ಮಿಯೇ ಇರುತ್ತದೆ’ ಎಂದು ಸುಮ್ಮನಾದರೆ ಚಿಕಿತ್ಸೆ ಇರುವ ಕಾಯಿಲೆಗೆ ನಾಯಿ ಬಲಿಯಾಗುತ್ತದೆ. ನಾಯಿ ಗಟ್ಟಿಮುಟ್ಟಾಗಿರುವಾಗಲೇ ಒಮ್ಮೆ ರಕ್ತಪರೀಕ್ಷೆ ಮಾಡಿಸಿ ಚೀಟಿ ತೆಗೆದಿಡಿ. ಮುಂದೆ ಊಟ ಬಿಟ್ಟಾಗ, ಜ್ವರ ಬಂದಾಗ, ವಸಡು ಬಿಳಿಚಿಕೊಂಡಾಗ ಹೋಲಿಸಲು ಅದೇ ಆಧಾರ. ತಿಂಗಳಿಗೊಮ್ಮೆ ಉಣ್ಣಿಯ ಔಷಧಿ ತಪ್ಪಿಸಬೇಡಿ. ಕಿವಿಯೊಳಗೆ, ಬೆರಳುಗಳ ಸಂದಿನಲ್ಲಿ, ಬಾಲದ ಬುಡದಲ್ಲಿ ದಿನವೂ ಕೈಯಾಡಿಸಿ ನೋಡಿ. ತಳಿಯ ಬಗ್ಗೆ ಹೆಚ್ಚಿನ ವಿಚಾರಕ್ಕೆ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ, ಬೀದರ್‌ನ ಪಶುವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಸೇರಿದ ಶ್ವಾನ ಸಂಶೋಧನಾ ಕೇಂದ್ರವಿದೆ. ಶಸ್ತ್ರಚಿಕಿತ್ಸೆಗೆ ಕರೆದೊಯ್ದಾಗ, ಇದು ಬೇಟೆ ನಾಯಿಯ ತಳಿ, ಥಯೋಪೆಂಟಾಲ್ ಬೇಡ ಎಂದು ಮೊದಲೇ ಬಾಯಿಬಿಟ್ಟು ಹೇಳಿ, ಚೀಟಿಯಲ್ಲೂ ಬರೆಸಿ.